ಬಿಸಿಲಲ್ಲಿ ಮೊಬೈಲ್ ಪರದೆ ಯಾಕೆ ಕಾಣಿಸುವುದಿಲ್ಲ? ಸೂರ್ಯನ ಬೆಳಕನ್ನೇ ಬಳಸುವ ಪರದೆ ಸಾಧ್ಯವೇ?

ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಹೊಲಗಳಲ್ಲಿ ಈಗ ಮೊಬೈಲ್ ಕೂಡ ಒಂದು ಕೃಷಿ ಸಲಕರಣೆ. 2020ರ ಮುಂಗಾರಿನಿಂದ ಕರ್ನಾಟಕದ ರೈತರು ಆ್ಯಪ್ ಮೂಲಕ ತಾವೇ ಬೆಳೆ ಸಮೀಕ್ಷೆ ಮಾಡಬಹುದು. ಹೊಲದಲ್ಲೇ ನಿಂತು ಸರ್ವೆ ನಂಬರ್ ಆರಿಸಿ, ಬೆಳೆ ನಮೂದಿಸಿ, ಫೋಟೊ ಕಳಿಸಬೇಕು. ಬೆಳೆ ವಿಮೆ, ಬೆಂಬಲ ಬೆಲೆ ಖರೀದಿಗೆ ಈ ಮಾಹಿತಿ ಬಳಕೆಯಾಗುತ್ತದೆ. ಬಿಸಿಲಿಗೆ ಪರದೆ ಕಾಣದೆ ತೊಗರಿ ಬದಲು ಬೇರೇನೋ ಒತ್ತಿದರೆ ನಷ್ಟ ರೈತರದ್ದೇ.

ಬಿಸಿಲಿಗೆ ಪರದೆ ಮಂಕಾಗುತ್ತದೆಯೇ?

ಇದು ಅರ್ಧ ಸತ್ಯ. ಪರದೆ ಮೊದಲಿನಷ್ಟೇ ಬೆಳಕು ಕೊಡುತ್ತಿರುತ್ತದೆ. ಆದರೆ ಕೋಣೆಯೊಳಗೆ ಕೆಲವು ನೂರು ಲಕ್ಸ್ ಬೆಳಕಿದ್ದರೆ, ನೇರ ಬಿಸಿಲಲ್ಲಿ ಸುಮಾರು 1,00,000 ಲಕ್ಸ್ ಇರುತ್ತದೆ. ಗಾಜು ಅದರಲ್ಲಿ ಶೇ 4ರಷ್ಟನ್ನು ಪ್ರತಿಫಲಿಸಿದರೂ ಸಾಕು, ಪರದೆಯ ಸ್ವಂತ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನ್ ಕಾಯುತ್ತದೆ. ತೀರಾ ಬಿಸಿಯಾದಾಗ ಅನೇಕ ಫೋನ್‌ಗಳು ತಾವೇ ಬ್ರೈಟ್‌ನೆಸ್ ತಗ್ಗಿಸುತ್ತವೆ. ಆಗ ಪರದೆ ನಿಜಕ್ಕೂ ಮಂಕಾಗುತ್ತದೆ.

ನವಿಲುಗರಿಯ ಉಪಾಯ

ನವಿಲುಗರಿಗೆ ಬಿಸಿಲು ಶತ್ರುವಲ್ಲ. ಬಿಸಿಲು ಹೆಚ್ಚಿದಷ್ಟೂ ಅದು ಹೊಳೆಯುತ್ತದೆ. ಅದರ ನೀಲಿ, ಹಸಿರು ಬರುವುದು ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಪ್ರತಿಫಲಿಸುವ ರೀತಿಯಿಂದ. ಮಳೆನೀರಿನ ಮೇಲೆ ತೇಲುವ ಎಣ್ಣೆಯಲ್ಲಿ ಕಾಣುವ ಬಣ್ಣಗಳೂ ಇದೇ ಬಗೆಯವು.

ಕ್ವಾಲ್ಕಾಮ್ ಕಂಪನಿಯ 'ಮಿರಾಸೋಲ್' ಪರದೆ ಇದೇ ತತ್ವದ್ದು. ಅದರ ಪ್ರತಿ ಬಿಂದುವಿನಲ್ಲೂ ಗಾಜಿನ ಮೇಲೊಂದು ತೆಳು ಲೇಪನ, ಅದರ ಹಿಂದೆ ಕನ್ನಡಿಯಂಥ ಪೊರೆ ಇರುತ್ತದೆ. ನಡುವಿನ ಅಂತರ ಒಂದು ಮೈಕ್ರಾನ್‌ಗಿಂತ ಕಡಿಮೆ. ಎರಡರಿಂದಲೂ ಮರಳಿದ ಬೆಳಕಿನ ಅಲೆಗಳು ಕೂಡಿದಾಗ ಒಂದು ಬಣ್ಣ ಗಾಢವಾಗಿ, ಉಳಿದವು ಕುಂದುತ್ತವೆ. ವಿದ್ಯುತ್ ಕೊಟ್ಟರೆ ಪೊರೆ ಲೇಪನಕ್ಕೆ ಅಂಟಿಕೊಂಡು, ಬಿಂದು ಕಪ್ಪಾಗಿ ಕಾಣುತ್ತದೆ. ಹಿಂಬದಿ ದೀಪ ಬೇಡ. ನಿಂತ ಚಿತ್ರಕ್ಕೆ ವಿದ್ಯುತ್ತೂ ಬಹಳ ಕಡಿಮೆ ಸಾಕು.

ಹಾಗಾದರೆ ಎಲ್ಲಿ ಹೋಯಿತು?

2011ರಲ್ಲಿ ದಕ್ಷಿಣ ಕೊರಿಯಾದ ಒಂದು ಇ-ರೀಡರ್‌ನಲ್ಲಿ, 2013ರಲ್ಲಿ 'ಟಾಕ್' ಸ್ಮಾರ್ಟ್‌ವಾಚ್‌ನಲ್ಲಿ ಇದು ಬಂತು. ಆದರೆ ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಮನೆಯೊಳಗೆ ಎಲ್‌ಸಿಡಿಯ ಮುಂದೆ ಇದರ ಬಣ್ಣ ಪೇಲವವಾಗಿ ಕಾಣುತ್ತಿತ್ತು. ಸೂಕ್ಷ್ಮ ಕನ್ನಡಿಗಳ ತಂತ್ರಜ್ಞಾನವೇ ಸೋತಿತು ಎಂದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ವಾಲುವ ಕನ್ನಡಿಗಳ ಚಿಪ್ ಇಂದು ಲೆಕ್ಕವಿಲ್ಲದಷ್ಟು ಪ್ರೊಜೆಕ್ಟರ್‌ಗಳಲ್ಲಿದೆ. ಅದು ಗೆದ್ದದ್ದು ಕತ್ತಲ ಕೋಣೆಯಲ್ಲಿ.

ಸದ್ಯಕ್ಕೆ ಏನು ಮಾಡಬಹುದು?

- ಮರದ ನೆರಳಲ್ಲಿ, ಇಲ್ಲವೇ ನಮ್ಮದೇ ನೆರಳು ಪರದೆಯ ಮೇಲೆ ಬೀಳುವಂತೆ ನಿಂತು ವಿವರ ತುಂಬುವುದು.
- ಆಕಾಶ ಪರದೆಯಲ್ಲಿ ಪ್ರತಿಬಿಂಬಿಸದಂತೆ ಫೋನ್ ವಾಲಿಸುವುದು.
- ಕಾದ ಫೋನನ್ನು ತುಸು ಹೊತ್ತು ನೆರಳಲ್ಲಿಡುವುದು.
- ಕಳಿಸುವ ಮುನ್ನ ಬೆಳೆಯ ಹೆಸರನ್ನು ಇನ್ನೊಮ್ಮೆ ಓದುವುದು.

ಪರದೆ ಕಾಣದಿದ್ದರೆ ಅದು ನಮ್ಮ ಕಣ್ಣಿನ ದೋಷವಲ್ಲ, ಫೋನ್ ಕೆಟ್ಟಿದೆ ಎಂದೂ ಅಲ್ಲ. ಸಾಮಾನ್ಯ ಪರದೆಗಳು ಹೆಚ್ಚಾಗಿ ಕೋಣೆಯೊಳಗಿನ ಬಳಕೆಗೆ ಹೊಂದುವಂಥವು. ಕೆಲಸ ಹೊಲದಲ್ಲಿ ಆಗಬೇಕೆಂದರೆ, ಬಿಸಿಲಲ್ಲೂ ಓದಲಾಗುವ ದೊಡ್ಡ, ಕಡುಕಪ್ಪು ಅಕ್ಷರಗಳು ಆ್ಯಪ್‌ನಲ್ಲಿರಲಿ ಎಂದು ಕೇಳುವುದು ನ್ಯಾಯವೇ.