ದಡದ ಮೇಲೆ ಮಲಗುವ ಹಡಗು

ಸ್ಕಾಟ್ಲೆಂಡಿನ ಫೇರ್ ಐಲ್ ದ್ವೀಪದ ನಾರ್ತ್ ಹೇವನ್ ಬಂದರಿಗೆ ಹೋದವರಿಗೆ ಮೊದಲ ಅಚ್ಚರಿ: ಫೆರ್ರಿ ನೀರಿನಲ್ಲೇ ಇರುವುದಿಲ್ಲ. 1986ರಲ್ಲಿ ಕಟ್ಟಿದ ‘ಗುಡ್ ಶೆಫರ್ಡ್ 4’ ಹಡಗನ್ನು ಬಿರುಗಾಳಿಯ ಕೈಗೆ ಸಿಗದಂತೆ ಯಂತ್ರದಿಂದ ದಡಕ್ಕೆಳೆದು ನಿಲ್ಲಿಸುತ್ತಾರೆ. ಹೊರಡುವಾಗ ಮತ್ತೆ ನೀರಿಗಿಳಿಸುತ್ತಾರೆ. ಅದರಲ್ಲಿ ಜಾಗ 12 ಜನರಿಗೆ ಮಾತ್ರ. ಶೆಟ್ಲೆಂಡಿನ ಮುಖ್ಯ ದ್ವೀಪದ ದಕ್ಷಿಣ ತುದಿ ಮುಟ್ಟಲು ಸುಮಾರು ಎರಡೂವರೆ ಗಂಟೆ, ಅದೂ ಸಮುದ್ರ ಒಪ್ಪಿದರೆ.

ದಿನಸಿ, ಕಾರು, ಕುರಿ ಎಲ್ಲವೂ ಇದರಲ್ಲೇ ಸಾಗಬೇಕು. ಕಾರನ್ನು ಕ್ರೇನಿನಲ್ಲಿ ಎತ್ತಿಡಬೇಕು!

2023ರಲ್ಲಿ ಬ್ರಿಟನ್ ಸರ್ಕಾರ ಹೊಸ ಹಡಗು, ಬಂದರು ಸುಧಾರಣೆಗಾಗಿ ಸುಮಾರು 2.7 ಕೋಟಿ ಪೌಂಡ್ ಘೋಷಿಸಿತು. ದ್ವೀಪದ ಸುಮಾರು ಐವತ್ತು ಜನರಿಗೆ ಇಷ್ಟೇಕೆ ಎಂಬ ಪ್ರಶ್ನೆ ಸರಿಯಲ್ಲ. ಊರಿಗೆ ರಸ್ತೆ ಹಾಕುವಾಗ ತಲೆ ಎಣಿಸಿ ಲೆಕ್ಕ ಹಾಕುವವರು, ಈ ಜನರಿಗೆ ಸಮುದ್ರವೇ ರಸ್ತೆ ಎಂಬುದನ್ನು ಮರೆಯುತ್ತಾರೆ. ಹೊಸ ಹಡಗಿಗೆ ವಾಹನಗಳು ನೇರವಾಗಿ ಓಡಿ ಹತ್ತಲಿವೆ.