ಪಾಠದ ಗುಣವನ್ನು ಅಳೆಯುವವರು

ಗುರುವು ಶಿಷ್ಯನನ್ನು ಪರೀಕ್ಷಿಸುವುದು ಹಳೆಯ ಪದ್ಧತಿ. ಶಿಷ್ಯನು ಗುರುವಿಗೆ ಅಂಕ ಕೊಡುವುದು ಈಚಿನದು. ಇಂದು ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಪಾಠಗಳು ಮುಗಿದೊಡನೆ ವಿದ್ಯಾರ್ಥಿಗಳ ಕೈಗೆ ಒಂದು ಪ್ರಶ್ನಾವಳಿ ಬರುತ್ತದೆ. ಅಧ್ಯಾಪಕರ ವಿವರಣೆ ಸ್ಪಷ್ಟವಾಗಿತ್ತೆ, ಪಾಠ ಆಸಕ್ತಿಯನ್ನು ಕೆರಳಿಸಿತೆ ಎಂಬಂಥ ಪ್ರಶ್ನೆಗಳಿಗೆ ಅವರು ಉತ್ತರ ಬರೆಯಬೇಕು. ಊಟದ ರುಚಿಯನ್ನು ಉಂಡವರೇ ಹೇಳಬೇಕಾದುದು ನ್ಯಾಯ. ಆದರೆ ವೈದ್ಯವಿದ್ಯೆಯಲ್ಲಿ ಪಾಠದ ಫಲವನ್ನು ಕೊನೆಗೆ ಅನುಭವಿಸುವವನು ವಿದ್ಯಾರ್ಥಿಯಲ್ಲ, ರೋಗಿ. ಅವನ ಕೈಗೆ ಆ ಪ್ರಶ್ನಾವಳಿ ಬರುವುದಿಲ್ಲ.

ಕೇಳುಗರ ಮೆಚ್ಚುಗೆ ಎಷ್ಟು ಸುಲಭವಾಗಿ ದಾರಿ ತಪ್ಪುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. 1973ರಲ್ಲಿ ಅದರ ವರದಿ ಪ್ರಕಟವಾಯಿತು. ನಟನೊಬ್ಬನಿಗೆ ಡಾಕ್ಟರ್ ಫಾಕ್ಸ್ ಎಂದು ಹೆಸರಿಟ್ಟು, ಮನುಷ್ಯರ ವರ್ತನೆಗೆ ಗಣಿತವನ್ನು ಅನ್ವಯಿಸುವುದರಲ್ಲಿ ಪಂಡಿತನೆಂದು ಸಭೆಗೆ ಪರಿಚಯಿಸಿದರು. ಆತನಿಗೆ ಆ ವಿಷಯವೇ ತಿಳಿಯದು. ಪರಸ್ಪರ ವಿರುದ್ಧವಾದ ಮಾತುಗಳನ್ನೂ ಅರ್ಥವಿಲ್ಲದ ಹೊಸ ಪದಗಳನ್ನೂ ಹಾಸ್ಯದೊಡನೆ ಬೆರೆಸಿ ನುಡಿಯುವಂತೆ ಮೊದಲೇ ಅಭ್ಯಾಸ ಮಾಡಿಸಿದ್ದರು. ಎದುರಿಗೆ ಕುಳಿತವರು ಎಳೆಯ ವಿದ್ಯಾರ್ಥಿಗಳೂ ಅಲ್ಲ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಮೊದಲಾದವರು. ಆದರೂ ಹೆಚ್ಚಿನವರು ಉಪನ್ಯಾಸವನ್ನು ಮೆಚ್ಚಿದರು. ಅದು ಚಿಂತನೆಗೆ ಪ್ರಚೋದನೆ ನೀಡಿತೆಂದು ಬರೆದುಕೊಟ್ಟರು. ಅದರ ಚಿತ್ರಮುದ್ರಿಕೆಯನ್ನು ಬೇರೆ ಗುಂಪುಗಳಿಗೆ ತೋರಿಸಿದಾಗಲೂ ಹೀಗೆಯೇ ಆಯಿತು. ಕೇಳಿದವರಲ್ಲೊಬ್ಬರಂತೂ ಆ ಪಂಡಿತನ ಬರಹಗಳನ್ನು ತಾವು ಹಿಂದೆಯೇ ಓದಿರುವುದಾಗಿ ತಿಳಿಸಿದರು!

ಜರ್ಮನಿಯ ಮ್ಯೂನ್‌ಸ್ಟರ್ ನಗರದಲ್ಲಿ ನಡೆದುದು ಇನ್ನೂ ವಿನೋದಕರ. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 118 ವೈದ್ಯ ವಿದ್ಯಾರ್ಥಿಗಳನ್ನು 20 ಗುಂಪುಗಳಾಗಿ ಮಾಡಿ, ತುರ್ತುಚಿಕಿತ್ಸೆಯ ಒಂದೇ ಪಾಠವನ್ನು ಎಲ್ಲರಿಗೂ ಹೇಳಲಾಯಿತು. 10 ಗುಂಪುಗಳಿಗೆ ಮಾತ್ರ ಪಾಠದ ಜೊತೆಗೆ ಚಾಕೊಲೇಟ್ ಬಿಸ್ಕತ್ತು ದೊರೆಯಿತು. ಬಿಸ್ಕತ್ತು ತಿಂದವರು ಅಧ್ಯಾಪಕರಿಗೆ ಹೆಚ್ಚು ಅಂಕ ಕೊಟ್ಟರು. ಪಾಠದ ಸಾಮಗ್ರಿಯೂ ಅವರಿಗೆ ಹೆಚ್ಚು ಉತ್ತಮವಾಗಿ ಕಂಡಿತು.

ಇಂಥ ಪ್ರಯೋಗಗಳನ್ನು ಮುಂದೊಡ್ಡಿ, ವಿದ್ಯಾರ್ಥಿಗಳ ಮಾತಿಗೆ ಬೆಲೆಯೇ ಇಲ್ಲವೆನ್ನುವ ಅಧ್ಯಾಪಕರುಂಟು. ಅದು ಅವರಿಗೆ ಅನುಕೂಲವಾದ ತೀರ್ಮಾನ. ಅಧ್ಯಾಪಕರು ವೇಳೆಗೆ ಸರಿಯಾಗಿ ಬಂದರೋ ಇಲ್ಲವೋ, ತಪ್ಪು ಉತ್ತರ ಹೇಳಿದವನನ್ನು ಎಲ್ಲರೆದುರಿಗೆ ಹಂಗಿಸಿದರೋ ತಿದ್ದಿದರೋ, ಬಡರೋಗಿಯ ಹೊದಿಕೆಯನ್ನು ಸರಿಸುವ ಮುನ್ನ ಅವನ ಅನುಮತಿ ಕೇಳಿದರೋ ಇಲ್ಲವೋ, ಇವನ್ನೆಲ್ಲ ಬಲ್ಲವರು ವಿದ್ಯಾರ್ಥಿಗಳೇ. ಮೇಲಧಿಕಾರಿಗಳ ಕಣ್ಣಿಗೆ ಇವು ಬೀಳುವುದು ಅಪರೂಪ.

ಆದರೆ ಕಲಿತದ್ದೆಷ್ಟು ಎಂಬುದು ಅದೇ ದಿನ ತಿಳಿಯುವಂಥದಲ್ಲ. ಹೃದಯದ ಮೈಟ್ರಲ್ ಕವಾಟ ಕಿರಿದಾದಾಗ ಉಂಟಾಗುವ ಮರ್ಮರಧ್ವನಿ ಬಹಳ ಮಂದವಾದುದು. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಸ್ಟೆತೊಸ್ಕೋಪಿನ ಗಂಟೆಯಾಕಾರದ ಮುಖವನ್ನು ಎದೆಯ ಮೇಲೆ ಹಗುರವಾಗಿ ಇಟ್ಟು ಆಲಿಸಿದರೆ ಅದು ಕಿವಿಗೆ ಸಿಕ್ಕೀತು. ಒಬ್ಬ ಅಧ್ಯಾಪಕರು ಈ ರೋಗವನ್ನು ಕುರಿತು ಸುಂದರವಾದ ಚಿತ್ರಗಳೊಡನೆ ಒಂದು ಗಂಟೆ ನಿರರ್ಗಳವಾಗಿ ಮಾತನಾಡಬಹುದು. ಇನ್ನೊಬ್ಬರು ವಾರ್ಡಿನಲ್ಲಿ ನಿಂತು, ಒಬ್ಬೊಬ್ಬ ವಿದ್ಯಾರ್ಥಿಗೂ ಆ ಧ್ವನಿ ಕೇಳಿಸುವ ತನಕ ಕಾಯಬಹುದು. ಕೇಳಿಸದಿದ್ದರೂ ಕೇಳಿಸಿತೆಂದು ತಲೆಯಾಡಿಸಿದವನನ್ನು ಮತ್ತೊಮ್ಮೆ ಕಿವಿಗೊಡುವಂತೆ ಮಾಡಬಹುದು. ಅಂದಿನ ಪ್ರಶ್ನಾವಳಿಯಲ್ಲಿ ಬಹುಶಃ ಮೊದಲನೆಯವರೇ ಗೆಲ್ಲುವರು. ಎರಡನೆಯವರ ಪಾಠ ನಿಧಾನದ್ದು, ನಿಂತು ನಿಂತು ಕಾಲು ನೋಯಿಸುವಂಥದು. 1893ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯವಿದ್ಯಾಲಯ ಆರಂಭವಾದಾಗ ವಿಲಿಯಂ ಆಸ್ಲರ್ ಹಿಡಿದದ್ದು ಈ ಎರಡನೆಯ ದಾರಿಯನ್ನೇ. ವಿದ್ಯಾರ್ಥಿಗಳಿಗೆ ವಾರ್ಡುಗಳಲ್ಲಿ ಕಲಿಸಿದವನೆಂಬ ಒಂದು ಮಾತು ತನ್ನ ಸಮಾಧಿಯ ಮೇಲಿದ್ದರೆ ಸಾಕೆಂಬುದು ಆತನ ಬಯಕೆಯಾಗಿತ್ತು.

ಪ್ರಶ್ನಾವಳಿಯನ್ನು ಕೈಬಿಡಬೇಕಾಗಿಲ್ಲ, ಅದರ ಪ್ರಶ್ನೆಯೂ ಕಾಲವೂ ಬದಲಾಗಬೇಕು. ಭಾರತದಲ್ಲಿ ಎಂ.ಬಿ.ಬಿ.ಎಸ್. ವ್ಯಾಸಂಗ ಮುಗಿದ ಮೇಲೆ 1 ವರ್ಷ ಆಸ್ಪತ್ರೆಯಲ್ಲಿ ಕಡ್ಡಾಯವಾದ ತರಬೇತಿಯಿದೆ. ನಡುರಾತ್ರಿಯಲ್ಲಿ ಉಸಿರುಗಟ್ಟಿ ಬಂದ ರೋಗಿಯೆದುರು ನಿಂತಾಗ ಯಾರ ಪಾಠ ನೆನಪಿಗೆ ಬಂದಿತು, ಯಾವುದನ್ನು ಯಾರೂ ಕಲಿಸಿರಲಿಲ್ಲವೆಂದು ಅರಿವಾಯಿತು ಎಂದು ಆ ವರ್ಷದ ಕೊನೆಯಲ್ಲಿ ಕಿರಿಯ ವೈದ್ಯರನ್ನು ಕೇಳಬಹುದು. ಅವರು ಹೇಳುವ ಹೆಸರುಗಳನ್ನು ಕಾಲೇಜಿನವರು ಬರೆದಿಟ್ಟುಕೊಳ್ಳಲಿ.