ಊರಿನ ಕೆಲಸವೇ ಪಾಠವಾಗಲಿ

ಸುವರ್ಣ ಮಹೋತ್ಸವವೆಂದರೆ ನಡೆದು ಬಂದ ದಾರಿಯನ್ನು ಹಿಂತಿರುಗಿ ನೋಡುವ ಹೊತ್ತು. ಮುಂದಿನ ಐವತ್ತು ವರ್ಷಗಳ ಹೊಣೆಯನ್ನು ನೆನೆಯುವ ಹೊತ್ತೂ ಹೌದು. ನಮ್ಮ ಶಾಲೆಯ ಹಿರಿಮೆಯನ್ನು ಬಲ್ಲವರು ಬರೆಯುತ್ತಾರೆ. ಹಳೆಯ ವಿದ್ಯಾರ್ಥಿಯಾದ ನಾನು ಒಂದು ಸಲಹೆಯನ್ನಷ್ಟೇ ಹಿರಿಯರ ಮುಂದಿಡಬಯಸುತ್ತೇನೆ. ನಮ್ಮ ಪ್ರೌಢಶಾಲೆಯ ಮಕ್ಕಳು ಜಾಲತಾಣ ನಿರ್ಮಾಣದ ವಿದ್ಯೆಯನ್ನು ಕಲಿಯಬೇಕು. ಅದನ್ನು ಪುಸ್ತಕದ ಅಭ್ಯಾಸಗಳಿಂದಲ್ಲದೆ, ತಂಡ ಕಟ್ಟಿಕೊಂಡು ಊರಿನ ಸಂಸ್ಥೆಗಳಿಗೆ ನಿಜವಾಗಿ ಬೇಕಾದ ತಾಣಗಳನ್ನು ರಚಿಸಿಕೊಡುವ ಮೂಲಕ ಕಲಿಯಬೇಕು.

ಈ ಸಲಹೆಗೆ ನಮ್ಮ ನೆಲದ ಇತಿಹಾಸವೇ ಕಾರಣ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ತಾಲೂಕು ಆಂಧ್ರಪ್ರದೇಶಕ್ಕೆ ಸೇರಿತು. ಮಹಬೂಬ್‌ನಗರ ಜಿಲ್ಲೆಯ ನಾರಾಯಣಪೇಟೆ, ಮಕ್ತಲ್‌ಗಳೂ ಅದೇ ರಾಜ್ಯದಲ್ಲಿ ಉಳಿದವು. 2014ರಲ್ಲಿ ತೆಲಂಗಾಣ ಬಂದಿತು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲಾಕೇಂದ್ರಗಳಾದವು. ಆಡಳಿತದ ಗೆರೆಗಳು ಹೀಗೆ ಮತ್ತೆ ಮತ್ತೆ ಬದಲಾದರೂ ಅನೇಕರ ಮನೆಮಾತು ಬದಲಾಗಲಿಲ್ಲ. ಆದರೆ "ಕನ್ನಡದಲ್ಲಿ ಓದಿ ನಮ್ಮ ಮಕ್ಕಳು ಮುಂದೆ ಏನು ಮಾಡಬೇಕು?" ಎಂಬ ತಾಯಿತಂದೆಯರ ಪ್ರಶ್ನೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ. ಅದಕ್ಕೆ ಅಭಿಮಾನದ ಭಾಷಣ ಉತ್ತರವಾಗಲಾರದು. ಕನ್ನಡ ಬಲ್ಲವರಿಂದಲೇ ಚೆನ್ನಾಗಿ ಆಗುವ ಕೆಲಸವೊಂದನ್ನು ಮಾಡಿ ತೋರಿಸುವುದೇ ಉತ್ತರ.

ನಾನು ಈ ವಿದ್ಯೆಯನ್ನು ಕಲಿತದ್ದು ತಡವಾಗಿ, ಹೈದರಾಬಾದಿನಲ್ಲಿ. ಕೈಹಿಡಿದ ಮೊದಲ ಕೆಲಸಗಳಲ್ಲೊಂದು ಬಟ್ಟೆ ಅಂಗಡಿಯೊಂದರ ಜಾಲತಾಣ. ತರಬೇತಿಯಲ್ಲಿ ಕಲಿತ ಚಮತ್ಕಾರಗಳನ್ನೆಲ್ಲ ಅದರಲ್ಲಿ ತುಂಬಿದ್ದೆ. ರಾಯಚೂರು ಕಡೆಯವರಾದ ಅಂಗಡಿಯ ಹಿರಿಯರು ತಮ್ಮ ಫೋನಿನಲ್ಲಿ ಅದನ್ನು ಬಹಳ ಹೊತ್ತು ನೋಡಿ, "ತಮ್ಮಾ, ಚಂದ ಅದ. ಆದ್ರ ಅಂಗಡಿ ಯಾವಾಗ ತೆಗಿತೀವಿ ಅನ್ನೋದು ಎಲ್ಲಿ ಅದ?" ಎಂದರು. ನಾನು ಅದನ್ನು ಬರೆದೇ ಇರಲಿಲ್ಲ. ಯಾವ ಪರೀಕ್ಷೆಯೂ ಕಲಿಸದ ಪಾಠವನ್ನು ಆ ಒಂದು ಮಾತು ಕಲಿಸಿತು.

ಈ ಕ್ರಮ ಹೊಸದೇನಲ್ಲ. ಕೈಕಸುಬನ್ನೇ ಶಿಕ್ಷಣದ ಕೇಂದ್ರವಾಗಿಸಬೇಕೆಂಬ ವಿಚಾರವನ್ನು ಗಾಂಧೀಜಿಯವರು 1937ರಲ್ಲಿ ವಾರ್ಧಾದ ಸಮ್ಮೇಳನದ ಮುಂದಿಟ್ಟಿದ್ದರು. ಅಮೆರಿಕೆಯ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಿಂದ 'ಎಪಿಕ್ಸ್' ಎಂಬ ಕಾರ್ಯಕ್ರಮ ನಡೆದಿದೆ. ಅಲ್ಲಿ ವಿದ್ಯಾರ್ಥಿಗಳು ತಂಡಗಳಾಗಿ ಸ್ಥಳೀಯ ಸೇವಾಸಂಸ್ಥೆಗಳ ನಿಜವಾದ ಸಮಸ್ಯೆಗಳಿಗೆ ತಾಂತ್ರಿಕ ಪರಿಹಾರ ರೂಪಿಸುತ್ತಾರೆ. ಆ ದುಡಿಮೆಯೇ ಅವರ ಪಾಠವೆಂದು ಪರಿಗಣಿತವಾಗುತ್ತದೆ. ಅವರಿಗಿರುವ ಸಾಧನಸಂಪತ್ತು ನಮಗಿಲ್ಲ. ಆದರೆ ಕೆಲಸದ ಅಗತ್ಯ ನಮ್ಮ ಬಾಗಿಲಲ್ಲೇ ಇದೆ.

ಗದ್ವಾಲ ಸೀರೆಯನ್ನೇ ನೋಡೋಣ. ಅದರ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡನ್ನೂ ಕೂಡಿಸುವ ನೇಯ್ಗೆಯಲ್ಲಿಯೇ ಅದರ ಬೆಲೆಯಿದೆ. ಇದನ್ನು ಕೊಳ್ಳುವವರಿಗೆ ತಿಳಿಯುವಂತೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಬಲ್ಲವರು ಯಾರು? ಎರಡೂ ಮಾತು ಬಲ್ಲ ನಮ್ಮ ಮಕ್ಕಳೇ. ನೇಕಾರರ ಸಹಕಾರ ಸಂಘ, ಊರಿನ ವಾಚನಾಲಯ, ಕನ್ನಡ ಸಂಘ, ಬೀಜ ಗೊಬ್ಬರದ ಅಂಗಡಿ: ಇಂಥವರೇ ನಮ್ಮ ಗ್ರಾಹಕರಾಗಬೇಕು.

ಕೆಲಸಕ್ಕೆ ಇಳಿದಾಗಲೇ ನಿಜವಾದ ತೊಡಕುಗಳು ಎದುರಾಗುತ್ತವೆ. ಸಂಘದ ಹಳೆಯ ಕಡತಗಳು ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬೆರಳಚ್ಚಾಗಿದ್ದರೆ ಜಾಲತಾಣದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ; ಅವನ್ನು ಪರಿವರ್ತಿಸಿ ತಪ್ಪು ತಿದ್ದಬೇಕು. ಸಾಲುಗಳ ನಡುವೆ ಸಾಕಷ್ಟು ಜಾಗ ಬಿಡದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತವೆ. ಯಾವ ಭಾಗ ಕನ್ನಡ, ಯಾವುದು ತೆಲುಗು ಎಂದು ಸಂಕೇತದಲ್ಲಿ ಗುರುತಿಸದಿದ್ದರೆ ಕುರುಡರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ತಡವರಿಸುತ್ತದೆ. ಭಾರವಾದ ಚಿತ್ರಗಳನ್ನು ಹಾಕಿದರೆ ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ಪುಟ ತೆರೆಯುವುದೇ ತಡ. ಇವೆಲ್ಲವೂ ಭಾಷೆಯ ಪಾಠ, ಗಣಕದ ಪಾಠ ಎರಡೂ ಆಗುತ್ತವೆ.

ಐದು ಮಕ್ಕಳ ತಂಡ ಸಾಕು. ಒಬ್ಬರು ಗ್ರಾಹಕರೊಡನೆ ಮಾತಾಡಿ ಟಿಪ್ಪಣಿ ಬರೆಯಲಿ. ಒಬ್ಬರು ಬರಹವನ್ನು ಸಿದ್ಧಪಡಿಸಲಿ. ಇಬ್ಬರು ಪುಟ ಕಟ್ಟಲಿ. ಮತ್ತೊಬ್ಬರು ತಮ್ಮ ಅಜ್ಜಿಯ ಕೈಗೆ ಫೋನು ಕೊಟ್ಟು ಅದು ನಡೆಯುವುದೋ ಇಲ್ಲವೋ ಪರೀಕ್ಷಿಸಲಿ. ಮುಂದಿನ ಕೆಲಸದಲ್ಲಿ ಪಾತ್ರಗಳು ಅದಲುಬದಲಾಗಲಿ. ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರೆಂದು ದಾಖಲಿಸುವ 'ಗಿಟ್' ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸದೆ ಕೂಡಿ ತಿದ್ದುವ ಶಿಸ್ತು ಅದರಿಂದ ಬರುತ್ತದೆ.

ಆಕ್ಷೇಪಗಳಿಲ್ಲದಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ತೊಂದರೆಯಾಗದೆ ಎನ್ನುವರು. ಒಂಬತ್ತನೆಯ ತರಗತಿಯಲ್ಲಿ, ವಾರಕ್ಕೆ ಎರಡು ಅವಧಿಗಳಲ್ಲಿ ಇದನ್ನು ನಡೆಸಬಹುದು. ಕೃತಕ ಬುದ್ಧಿಮತ್ತೆಯ ಯಂತ್ರ ಕ್ಷಣಮಾತ್ರದಲ್ಲಿ ಪುಟ ಬರೆದುಕೊಡುವಾಗ ಈ ಶ್ರಮವೇಕೆ ಎನ್ನುವರು. ಯಂತ್ರ ಪುಟವನ್ನು ಕೊಟ್ಟೀತು. ಆದರೆ ಅಂಗಡಿಯ ಬಾಗಿಲು ತೆರೆಯುವ ಹೊತ್ತನ್ನು ಯಜಮಾನರನ್ನೇ ಹೋಗಿ ಕೇಳಬೇಕು. ಬರೆದದ್ದು ಸರಿಯೇ ಎಂದು ನಿರ್ಣಯಿಸುವ ಹೊಣೆಯೂ ಮನುಷ್ಯನದೇ. ಮಕ್ಕಳನ್ನು ಬಿಟ್ಟಿ ದುಡಿಸಿದಂತಾಗುವುದಿಲ್ಲವೇ ಎಂಬ ಮೂರನೆಯ ಆಕ್ಷೇಪವನ್ನು ಮಾತ್ರ ನಾನು ಗೌರವದಿಂದ ಒಪ್ಪುತ್ತೇನೆ. ಲಾಭಕ್ಕಾಗಿ ವ್ಯಾಪಾರ ನಡೆಸುವವರು ಶಾಲೆಯ ಗ್ರಂಥಾಲಯಕ್ಕೆ ತಕ್ಕ ಕಾಣಿಕೆ ಕೊಡಬೇಕು. ಕೆಲಸ ಕಲಿಕೆಯ ಮಿತಿಯನ್ನು ದಾಟಬಾರದು.

ಕೆಲವು ಕಟ್ಟುಪಾಡುಗಳೂ ಅವಶ್ಯ. ಏನು, ಎಂದಿನೊಳಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಮಾಡಬೇಕು. ತಾಣದ ಹೆಸರು ಗ್ರಾಹಕರದೇ ಹೆಸರಿನಲ್ಲಿ ನೋಂದಣಿಯಾಗಬೇಕು. ಅದರ ವಾರ್ಷಿಕ ಶುಲ್ಕವನ್ನು ಅವರೇ ಕಟ್ಟಬೇಕು. ಕೊನೆಯ ದಿನ ಗುಪ್ತಪದಗಳನ್ನು ಅವರಿಗೆ ಒಪ್ಪಿಸಬೇಕು. ಇಲ್ಲವಾದರೆ ಆ ತಂಡ ಶಾಲೆ ಬಿಟ್ಟ ಮರುವರ್ಷವೇ ತಾಣ ಮುಚ್ಚಿಹೋಗುತ್ತದೆ. ಯಾರ ಭಾವಚಿತ್ರವನ್ನೂ ದೂರವಾಣಿ ಸಂಖ್ಯೆಯನ್ನೂ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು. ಮಕ್ಕಳ ವಿಷಯದಲ್ಲಿ ಪಾಲಕರ ಒಪ್ಪಿಗೆ ಬೇಕೆಂದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ.

ಹೈದರಾಬಾದು, ಬೆಂಗಳೂರುಗಳಲ್ಲಿ ಗಣಕದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಈ ಮಹೋತ್ಸವಕ್ಕೆ ದೇಣಿಗೆ ಕೊಟ್ಟು ಕೈಮುಗಿಯುವುದರ ಜೊತೆಗೆ, ತಿಂಗಳಿಗೆ ಒಂದು ಭಾನುವಾರವನ್ನೂ ಕೊಡೋಣ. ಮೊದಲ ವರ್ಷ ಒಂದೇ ತಂಡ, ಒಂದೇ ಗ್ರಾಹಕರು ಸಾಕು. ನಾರಾಯಣಪೇಟೆಯ ಮಗ್ಗದ ಮನೆಯ ಮಗಳು ತನ್ನ ತಂದೆಯ ಸಂಘದ ತಾಣವನ್ನು ಕನ್ನಡದಲ್ಲಿ ಕಟ್ಟಿದ ದಿನ, ಕನ್ನಡ ಓದಿ ಏನು ಮಾಡಬೇಕೆಂಬ ಪ್ರಶ್ನೆಗೆ ಆ ಮನೆಯವರಿಗೆ ಬೇರೆ ಉತ್ತರ ಬೇಕಾಗಲಾರದು.